ಬೆಳ್ಳಗೆ ಮುರಿದ ಮೆಟ್ಟಿಲು

ಮೆಟ್ಟಿಲು ಮುರಿದ ಸುದ್ದಿ ಬಂದಾಗ ಎರಕದಮ್ಮ ಅತ್ತೆಗೆ ಔಷಧಿ ಕುಡಿಸುತ್ತಿದ್ದಳು. ಗಂಡನ ಜೊತೆ ಕಬ್ಬಿಣದ ಎರಕದ ಶೆಡ್ಡು ನಡೆಸುತ್ತಿದ್ದ ಅವಳನ್ನು ಬೀದಿಯವರು ಕರೆಯುತ್ತಿದ್ದುದೇ ಹಾಗೆ. ಅತ್ತೆ ಹಾಸಿಗೆ ಹಿಡಿದ ಮೇಲೆ ಗಂಡ ಹೆಂಡತಿ ಸರದಿಯಲ್ಲಿ ನಿದ್ದೆಗೆಡುತ್ತಿದ್ದರು. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು.

ಬಿದ್ದವನು ಅವಳ ಒಡಹುಟ್ಟಿದ ತಮ್ಮ. ಹೊಸ ವಾಚನಾಲಯದ ಅಟ್ಟಕ್ಕೆ ಸುರುಳಿ ಮೆಟ್ಟಿಲು ಕೂರಿಸುವ ಕೆಲಸ ಅವನದು, ಎರಕ ಇವರದು. ಜೋಡಿಸಿ ಮುಗಿಸಿ, ಗಟ್ಟಿಯಿದೆಯೇ ನೋಡೋಣವೆಂದು ಹತ್ತಿದ್ದ. ಒಂದು ಮೆಟ್ಟಿಲು ಗಾಜಿನಂತೆ ಟಣ್ಣನೆ ಮುರಿದಿತ್ತು.

ಅವಳು ಏದುಸಿರು ಬಿಡುತ್ತ ಆಸ್ಪತ್ರೆ ಸೇರಿದಾಗ ತಮ್ಮ ಪಟ್ಟಿ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ.

"ಅಕ್ಕಾ, ಭಾವನಿಗೆ ಹೇಳು, ನಾನೇನು ಅಷ್ಟೊಂದು ದಪ್ಪ ಆಗಿಲ್ಲ."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ತಮ್ಮ ಮಂಚದ ಕೆಳಗಿನ ಚೀಲ ತೋರಿಸಿದ. ಒಳಗೆ ಮುರಿದ ತುಂಡಿತ್ತು. ಕಿಟಕಿಯ ಬೆಳಕಿಗೆ ಹಿಡಿದಳು. ಮುರಿದ ಮೈ ಬೂದಿ ಬಣ್ಣಕ್ಕಿರಬೇಕಿತ್ತು. ನಡುವೆ ದಪ್ಪಗಿದ್ದಲ್ಲಿ ಬೂದಿಯೇ. ತೆಳ್ಳನೆಯ ಅಂಚೆಲ್ಲ ಸಕ್ಕರೆ ಹರಳಿನಂತೆ ಬಿಳಿ.

ಆ ಬಿಳಿ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಕರಗಿದ ಕಬ್ಬಿಣದೊಳಗೆ ಇಂಗಾಲ ಬೆರೆತಿರುತ್ತದೆ. ನಿಧಾನವಾಗಿ ಆರಿದರೆ ಅದು ಚಕ್ಕೆ ಚಕ್ಕೆಯಾಗಿ ಬೇರೆಯಾಗುತ್ತದೆ. ಕಬ್ಬಿಣ ಬೂದಿಯಾಗುತ್ತದೆ, ಪೆಟ್ಟು ತಾಳುತ್ತದೆ. ಗಡಿಬಿಡಿಯಲ್ಲಿ ಹೆಪ್ಪುಗಟ್ಟಿದರೆ ಬೇರೆಯಾಗಲು ಪುರಸೊತ್ತೇ ಇಲ್ಲ. ಇಂಗಾಲ ಒಳಗೇ ಸಿಕ್ಕಿಬಿದ್ದು, ಕಬ್ಬಿಣ ಬಿಳಿಯಾಗಿ, ಕಲ್ಲಿನಷ್ಟು ಗಡುಸಾಗಿ, ಪೆಟ್ಟಿಗೆ ಒಡೆಯುವಷ್ಟು ಪೆಡಸಾಗುತ್ತದೆ.

ಗಂಡ ಶೆಡ್ಡಿನಲ್ಲಿ ಮರಳಿನ ಮೂಟೆಗೊರಗಿ ಕೂತಲ್ಲೇ ತೂಕಡಿಸುತ್ತಿದ್ದ. ಅವಳು ತುಂಡನ್ನು ಅವನ ಮುಂದಿಟ್ಟಳು.

"ಏನ್ರೀ, ಈ ಅಚ್ಚಿಗೆ ಬರೀ ಮರಳು ತಾನೇ ಹಾಕಿದ್ದು?"

ಅವನು ತುಂಡು ನೋಡಿ ತಲೆ ತಗ್ಗಿಸಿದ. "ಅಂಚಿಗೆ ಕಬ್ಬಿಣದ ಪಟ್ಟಿ ಕೊಟ್ಟೆ, ಶಾಖ ಎಳ್ಕೊಂಡು ಬೇಗ ಗಟ್ಟಿಯಾಗ್ಲಿ ಅಂತ. ಆವತ್ತು ನೀನು ಅಮ್ಮನ್ನ ಕರ್ಕೊಂಡು ಆಸ್ಪತ್ರೆಲಿದ್ದೆ. ನಂಗೆ ನಿಂತಲ್ಲೇ ಕಣ್ಣು ಮುಚ್ತಿತ್ತು."

"ಎಲ್ಲಾ ಮೆಟ್ಟಿಲಿಗೂನಾ?"

"ಹೂಂ... ಬೈದುಬಿಡು."

"ಬೈಯೋಕೂ ಮೈಯಲ್ಲಿ ಕಸುವಿರ್ಬೇಕಲ್ರೀ. ಮೊದ್ಲು ಎಲ್ಲಾ ಇಳಿಸ್ಕೊಂಡು ಬನ್ನಿ."

ಅವನು ಹೋದ. ವಾಚನಾಲಯದವರು ಉಗಿದು ಉಪ್ಪು ಹಾಕಿದರು. ಎಲ್ಲ ಕೇಳಿಸಿಕೊಂಡು ಮೆಟ್ಟಿಲುಗಳನ್ನು ಗಾಡಿಗೆ ಹೇರಿದ. ಬರುವ ದಾರಿಯಲ್ಲಿ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿ, ಮಂಚದ ಪಕ್ಕ ನಿಂತು ನಡೆದದ್ದನ್ನು ಹೇಳಿದ.

ತಮ್ಮ ಮೊಣಕೈಯೂರಿ ಎದ್ದು ಕೂತ. "ಭಾವಾ, ಸಿಟ್ಟು ಬಂದಿದೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಮುಖ ನೋಡಿದ್ರೆ ಈ ಮಂಚ ನಿಮಗೇ ಬಿಟ್ಟುಕೊಡೋಣ ಅನ್ಸುತ್ತೆ."

ಮುರಿದದ್ದಕ್ಕೆ ಬದಲು ಬರೀ ಮರಳಿನಚ್ಚಲ್ಲಿ ಹೊಸದು ಹೊಯ್ದರು. ಉಳಿದವನ್ನು ಒಲೆಯೊಳಗೆ ಜೋಡಿಸಿ ಬಾಗಿಲಿಗೆ ಮಣ್ಣು ಮೆತ್ತಿದರು. ಹಗಲೆಲ್ಲ ಕೆಂಪಗೆ ಕಾಯಿಸಿದರೆ ಸಿಕ್ಕಿಬಿದ್ದ ಇಂಗಾಲ ಬಿಡಿಸಿಕೊಳ್ಳುತ್ತದೆ. ಆಮೇಲೆ ಒಲೆ ತಾನಾಗಿಯೇ ಆರಬೇಕು. ಅವರಿಗೆ ಅಲ್ಲಿ ಮಾಡುವುದೇನೂ ಉಳಿಯಲಿಲ್ಲ.

ಆ ಬಿಡುವಿನಲ್ಲಿ ಅವಳು ನಾದಿನಿಗೆ ಫೋನು ಮಾಡಿದಳು. ತವರಿಗೆ ಬಂದು ತಾಯಿಯನ್ನು ನೋಡಿಕೊ ಎಂದು ಕೇಳಲು ಇಷ್ಟು ದಿನ ಬಿಂಕ ಅಡ್ಡ ಬಂದಿತ್ತು.

"ಅತ್ತಿಗೆ, ಒಂದು ಮಾತು ಹೇಳಬಾರದಿತ್ತಾ? ನಂಗೂ ಅವಳು ಅಮ್ಮನೇ ತಾನೇ!" ನಾದಿನಿ ಮಾರನೆಯ ದಿನವೇ ಬಂದಿಳಿದಳು.

ಒಲೆ ಪೂರ್ತಿ ಆರಿದ ಮೇಲೆ ಬಾಗಿಲು ತೆಗೆದರು. ಗಂಡ ಒಂದು ಮೆಟ್ಟಿಲನ್ನು ನೆಲಕ್ಕಿಟ್ಟು ಸುತ್ತಿಗೆಯಿಂದ ಬಾರಿಸಿದ. ಮುರಿಯಲಿಲ್ಲ. ಮತ್ತೆ ಬಾರಿಸಿದ, ಮತ್ತೂ ಬಾರಿಸಿದ.

"ಸಾಕು ಬಿಡ್ರೀ," ಎಂದಳು ಅವಳು, "ಅದಕ್ಕೂ ಸುಸ್ತಾಗುತ್ತೆ."