ಬೇಡಿಯ ಒಳ ಅಂಚು

"ದಿನಾ ಬುತ್ತಿ ತರ್ತಾಳಲ್ಲ, ಅವಳು ನಿನ್ನ ಹೆಂಡ್ತಿ ತಾನೆ? ತುಂಬಿದ ಬಸುರಿ. ಹುಟ್ಟೋ ಕೂಸಿಗೂ ಇಂಥದ್ದೊಂದು ಮಾಡಿಟ್ಟಿರಪ್ಪಾ. ನಿಮ್ಮಪ್ಪನ ಕೈಲೇ ಮಾಡ್ಸು. ಏನು ನುಣುಪು, ಒಂಚೂರೂ ಕೊರೆಯಲ್ಲ!"

ತನ್ನ ಕಾಲಿಗೆ ಬೇಡಿ ತೊಡಿಸುತ್ತಿದ್ದವನ ನೆತ್ತಿ ನೋಡುತ್ತಾ ಮುದುಕಿ ಹೀಗೆಂದಳು. ಮೆಲ್ಲಗೆ ಅಂದಿದ್ದರೆ ನುಂಗಿಕೊಳ್ಳಬಹುದಿತ್ತು. ಕುಲುಮೆಯ ಅಂಗಳಕ್ಕೆಲ್ಲ ಕೇಳುವ ಹಾಗೆ ಅಂದಳು. ಗೋಡೆಗೊರಗಿ ಕೂತಿದ್ದ ಬೇಡಿಯವರು ನಕ್ಕರು. ಅವರನ್ನು ಕೊಳ್ಳಲು ಬಂದಿದ್ದ ವ್ಯಾಪಾರಿಗಳು ಇನ್ನೂ ಜೋರಾಗಿ ನಕ್ಕರು. ಕೊಳ್ಳುವವರೂ ಮಾರಿಹೋಗುವವರೂ ಒಟ್ಟಿಗೆ ನಕ್ಕದ್ದು ಆ ಅಂಗಳದಲ್ಲಿ ಅದೇ ಮೊದಲಿರಬೇಕು.

ಕಮ್ಮಾರನ ಮಗನಿಗೆ ಕಿವಿಯವರೆಗೆ ರಕ್ತ ನುಗ್ಗಿತು. ತಲೆಯೆತ್ತದೆ ಮೊಳೆ ಬಡಿದು ಮುಗಿಸಿದ. ಮುದುಕಿ ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅವನ ಅಜ್ಜ ಕಡಲಾಚೆಯ ದಡದಲ್ಲಿ ಒಬ್ಬ ಜಮೀನುದಾರನ ಜೀತದಾಳಾಗಿ ಹುಟ್ಟಿ, ಜೀತದಾಳಾಗೇ ಸತ್ತವನು. ನೀನು ನನ್ನವನು ಅಂತ ಯಾರೂ ಅನ್ನದ ನೆಲ ಬೇಕೆಂದು ಅಪ್ಪ ಹೆಂಡತಿಯ ಮಣ್ಣು ಮುಗಿಸಿ, ಮಗನನ್ನೂ ಸೊಸೆಯನ್ನೂ ಕಟ್ಟಿಕೊಂಡು ಕಡಲು ದಾಟಿದ್ದ. ಈ ಬಂದರಿನಲ್ಲಿ 'ದೋಣಿಯವರು' ಎಂದು ಮೂಗು ಮುರಿಯದೆ ಕೆಲಸ ಕೊಟ್ಟದ್ದು ಈ ಕುಲುಮೆ ಒಂದೇ. ಮೊದಮೊದಲು ಹಡಗಿನ ಲಂಗರು, ಕೊಕ್ಕೆ, ಬಾಗಿಲಿನ ತಿರುಗಣೆ. ಆಮೇಲೆ ಬೇಡಿ. ಕೊನೆಗೆ ಬರೀ ಬೇಡಿ.

ಬೇಡಿಯನ್ನು ಒರಟಾಗಿ ಬಿಡಲು ಅಪ್ಪನ ಕೈ ಒಪ್ಪಲಿಲ್ಲ. ಉಳಿದವರು ಕೈ ತೊಳೆದು ಹೊರಟ ಮೇಲೂ ಅವನು ಅರ ಹಿಡಿದು ಬಳೆಯ ಒಳ ಅಂಚನ್ನು ಉಜ್ಜುತ್ತ ಕೂರುತ್ತಿದ್ದ. ಕಾಲಿನ ಹರಡಿನ ಹಿಂದೆ, ಚರ್ಮ ತೆಳುವಾದ ಕಡೆ, ಕಬ್ಬಿಣ ಎಲ್ಲಿ ಕೊರೆಯುತ್ತದೆಂದು ಅವನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ ತನ್ನಪ್ಪನ ಕಾಲಿನ ಬೇಡಿಗಾಯಕ್ಕೆ ಅಲ್ಲೇ ಎಣ್ಣೆ ಹಚ್ಚುತ್ತಿದ್ದವನು. ಉಜ್ಜಿದ ಮೇಲೆ ತನ್ನ ಮಣಿಕಟ್ಟನ್ನೇ ಬಳೆಯೊಳಗೆ ತೂರಿಸಿ ತಿರುಗಿಸುತ್ತಿದ್ದ. ಗೀರಿದರೆ ಮತ್ತೆ ಅರ. ಬೇರೆ ಕೆಲಸಗಾರರು ಆಡಿಕೊಳ್ಳುತ್ತಿದ್ದರು: "ಮದುಮಗಳ ಬಳೆ ಮಾಡ್ತಾವ್ನೆ ಮುದುಕ."

ಅವತ್ತು ಮುದುಕಿ ಎಬ್ಬಿಸಿದ ನಗೆ ತಣ್ಣಗಾದ ಮೇಲೆ ಕುಲುಮೆಯ ಯಜಮಾನ ವ್ಯಾಪಾರಿಗಳಿಗೆ ಹೇಳಿದ್ದು ಮಗನ ಕಿವಿಗೆ ಬಿತ್ತು.

"ಮೊದ್ಲು ಬೆಟ್ಟದ ದಾರೀಲಿ ಕಾಲು ಕೊಳೆತು ಅರ್ಧಕ್ಕರ್ಧ ಬಿದ್ದೋಗ್ತಿದ್ವು. ಈಗ ನೋಡಿ, ಎಲ್ಲೂ ನಿಲ್ಲಿಸದೆ ಹೊಡ್ಕೊಂಡು ಹೋಗ್ಬಹುದು. ನಮ್ಮ ದೋಣಿಯವನ ಕೈಚಳಕ! ಈ ಸಲ ಇನ್ನೊಂದು ಹಡಗು ಮಾಲು ತರಿಸ್ತಿದೀನಿ."

ಇದ್ದಲು ಕೊಟ್ಟಿಗೆಯ ಮೇಲೆ ಅವರು ಇದ್ದ ಒಂಟಿ ಕೋಣೆಯೂ ಯಜಮಾನನದೇ. ಸಂಜೆ ಅಲ್ಲಿ ತಟ್ಟೆಯ ಮುಂದೆ ಕೂತ ಮಗ ತುತ್ತು ಎತ್ತಲಿಲ್ಲ.

"ಅಪ್ಪಾ, ನೀನು ಉಜ್ಜಿದ್ದಕ್ಕೇ ಇನ್ನೊಂದು ಹಡಗು ಬರ್ತಿದೆ."

"ಉಜ್ಜದೆ ಬಿಡ್ಲೇನೋ? ಆ ಮುದುಕಿ ಕಾಲು ಕೊಯ್ಕೊಳ್ಳಲಿ ಅಂತೀಯಾ?"

"ಮಾಡೋದೇ ಬೇಡ ಅಂತೀನಿ."

"ನಾನು ಬಿಟ್ರೆ ಇನ್ನೊಬ್ಬ ಮಾಡ್ತಾನೆ. ಒರಟಾಗಿ ಮಾಡ್ತಾನೆ."

"ಮಾಡ್ಲಿ! ಆಗ ಬೆಟ್ಟದವರೆಗೆ ನಡೆಸೋಕಾದ್ರೂ ಆಗಲ್ಲ ಅವ್ರಿಗೆ."

ಅಂದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದ.

ಅಪ್ಪ ತಟ್ಟೆ ಸರಿಸಿದ. "ಅಂದ್ರೆ ಕೊಳೀಲಿ ಅಂತೀಯ. ನಿಮ್ಮಜ್ಜನ ಕಾಲು ನೀನು ನೋಡಿಲ್ಲ ಕಣೋ. ವಾಸನೆ ನಾನು ಕುಡ್ದಿದೀನಿ."

"ಇಬ್ರೂ ಸ್ವಲ್ಪ ಮೆಲ್ಲಗೆ," ಸೊಸೆ ಗೋಡೆ ಹಿಡಿದು ಎದ್ದಳು. "ನಿಮ್ಮ ಬಿಸಿಗೆ ಕೆಳಗಿನ ಇದ್ದಲು ಹತ್ಕೊಂಡೀತು. ಮಾವ, ಒಂದು ಮಾತು. ಇಲ್ಲಿಂದ ಹೊರಟ್ರೆ ನಾನು ಬೀದೀಲಿ ಹೆರಬೇಕು, ಅದು ಗೊತ್ತು. ಆದ್ರೆ ಆ ಮುದುಕಿ ಹೇಳಿದ್ದು ನಂಗೂ ಕೇಳಿಸ್ತು. ಬುತ್ತಿ ಇಡೋಕೆ ಬಾಗಿಲಲ್ಲೇ ನಿಂತಿದ್ದೆ."



ಮರುದಿನ ಬೆಳಗ್ಗೆ ಯಜಮಾನ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಒಂದು ದಾರದ ಉಂಗುರ ಇಟ್ಟ. ಬಳೆಗಾರ ಮಕ್ಕಳಿಗೆ ತರುವ ಬಳೆಯಷ್ಟಿತ್ತು.

"ಮರಿಗಳು ಬರ್ತಿವೆ ಈ ಸಲ. ಈ ಅಳತೆಗೆ ಮಾಡಿ. ಎಳೇ ಚರ್ಮ, ಇನ್ನೂ ನುಣುಪಾಗಿರ್ಲಿ."

ಅಪ್ಪ ದಾರವನ್ನು ನೋಡಿದ, ಮಗನನ್ನು ನೋಡಿದ, ಕಬ್ಬಿಣವನ್ನು ಬೆಂಕಿಗಿಟ್ಟ. ಕೆಂಪಗೆ ಕಾದದ್ದನ್ನು ಇಕ್ಕಳದಲ್ಲಿ ತಂದು, ಚಿಕ್ಕ ಸುತ್ತಿಗೆಯಿಂದ ಟಿಣ್ ಎಂದು ತಟ್ಟಿದ. ಅಪ್ಪ ತಟ್ಟಿದ ಕಡೆ ಮಗನ ದೊಡ್ಡ ಚಮ್ಮಟಿಗೆ ಬೀಳಬೇಕು. ಕುಲುಮೆಯ ಕೆಲಸವೇ ಹಾಗೆ, ನಡುವೆ ಯೋಚನೆಗೆ ಜಾಗವಿಲ್ಲ. ಟಿಣ್, ಧಡ್. ಟಿಣ್, ಧಡ್. ಮಾಡಬಾರದೆಂದು ಮಗನ ಮನಸ್ಸು ರಾತ್ರಿಯೆಲ್ಲ ಹೇಳಿತ್ತು. ಹಾಳು ತೋಳು ಮಾತ್ರ ಆ ಟಿಣ್ ಕರೆದ ಕೂಡಲೇ ಬಿತ್ತು. ಕಬ್ಬಿಣ ಬಾಗಿ ಉಂಗುರವಾಯಿತು.

ನೀರಿಗೆ ಅದ್ದಿ, ಅರ ಆಡಿಸಿ, ಅಪ್ಪ ವಾಡಿಕೆಯಂತೆ ಮಣಿಕಟ್ಟು ತೂರಿಸಲು ಹೋದ. ಬೆರಳುಗಳ ಗೆಣ್ಣಿನಲ್ಲೇ ಬಳೆ ನಿಂತಿತು. ತಿರುಗಿಸಿದ, ಒತ್ತಿದ. ಹೋಗಲಿಲ್ಲ.

"ನನ್ನ ಕೈಗೆ ಹೋಗ್ತಿಲ್ಲ ಕಣೋ," ಎಂದ, ಮಂಕು ಬಡಿದವನ ಹಾಗೆ. "ಕೊರೆಯುತ್ತೋ ಇಲ್ವೋ ಹೆಂಗೆ ನೋಡ್ಲಿ?"

ಮಗ ಚಮ್ಮಟಿಗೆಯನ್ನು ನೆಲಕ್ಕಿಳಿಸಿ, ಚರ್ಮದ ಮುಂಗವಚ ಬಿಚ್ಚಿ ಅಡಿಗಲ್ಲಿನ ಮೇಲೆ ಎಸೆದ.

"ಎಲ್ಲಿಗೋ ಸವಾರಿ?" ಯಜಮಾನ ಕೂಗಿದ. "ಹೊಸಿಲು ದಾಟಿದ್ರೆ ಕೋಣೆ ಖಾಲಿ. ಬಸುರಿ ಅಂತಾನೂ ನೋಡಲ್ಲ!"

ಹೊಸಿಲು ದಾಟಿದ. ಅಂಗಳದಲ್ಲಿ ಮುದುಕಿ ಕಾಲು ಚಾಚಿ ಕೂತಿದ್ದಳು; ಅವನು ಹಾದುಹೋಗುವಾಗ ಕಾಲು ಹಿಂದೆಳೆದು ದಾರಿ ಬಿಟ್ಟಳು. ಆಚೆ ಗೇಟಿನಲ್ಲಿ ಹೆಂಡತಿ ಬುತ್ತಿ ಹಿಡಿದು ಬರುತ್ತಿದ್ದಳು. ಅವನ ಬರಿ ಎದೆ ನೋಡಿ ಅಲ್ಲೇ ನಿಂತಳು.

"ಮಗಾ," ಒಳಗಿನಿಂದ ಅಪ್ಪನ ದನಿ ಬಂತು. "ಇದನ್ನ ಉಜ್ಜಲಾ, ಬೇಡ್ವಾ? ನೀನೇ ಹೇಳೋ."

ಅವನು ಹೆಂಡತಿಯ ಕೈಯಿಂದ ಬುತ್ತಿ ಇಸಿದುಕೊಂಡ. ತಿರುಗಿ ನೋಡದೆ ಗೇಟು ದಾಟಿ ನಡೆದ.