ಓರಗಿತ್ತಿಯ ಅಸ್ತರು

ಕೆಂಪು ದೀಪ ಹೊತ್ತಿಕೊಂಡಾಗ ಕಾರು ಏರುರಸ್ತೆಯ ನಟ್ಟನಡುವೆ ಇತ್ತು. ಮೂತಿಯಿಂದ ಒಂದೇ ಒಂದು ಹನಿ ಉದುರಿಸುವ ಪುಟ್ಟ ಗಿಂಡಿಯ ಚಿತ್ರ ಅದು. ಕತೆಗಳಲ್ಲಾದರೆ ಇಂಥ ಗಿಂಡಿ ಬರಿದಾಗುವುದೇ ಇಲ್ಲ, ಸುರಿದಷ್ಟೂ ತುಂಬಿಕೊಳ್ಳುತ್ತದೆ. ಇದು ಅಂಥದ್ದಲ್ಲ ಎಂದು ಸೊಸೆಗೆ ಗೊತ್ತಿತ್ತು. ಅವಳು ಹಿಂದೆ ಮುಂದೆ ನೋಡದೆ ಎಂಜಿನ್ ಆರಿಸಿ ಕೈಬ್ರೇಕು ಎಳೆದಳು. ಹಿಂದಿನಿಂದ ನೀರಿನ ಟ್ಯಾಂಕರೊಂದು ಹಾರನ್ ಬಾರಿಸಿತು.

"ಏನಾಯ್ತಮ್ಮ?" ಪಕ್ಕದಲ್ಲಿ ಕೂತಿದ್ದ ಮಾವ ಕೇಳಿದರು.

"ಕೆಂಪು ದೀಪ, ಮಾವ. ಎಣ್ಣೇದು."

"ಆರಿಸಿದ್ಯಾ?"

"ಆರಿಸ್ದೆ."

"ಸರಿ ಹಾಗಾದ್ರೆ. ಅವಳು ಬದುಕಿದಾಳೆ."

ಅವಳು ಅಂದರೆ ಕಾರು. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮಾವ ತಮ್ಮ ಕಾರನ್ನು ಹಿರೀ ಸೊಸೆ ಅನ್ನುತ್ತಿದ್ದರು. ಮಗನ ಮದುವೆಗೆ ಹನ್ನೊಂದು ವರ್ಷ ಮೊದಲೇ ಮನೆ ತುಂಬಿದವಳು ಅವಳು ಎಂಬ ಲೆಕ್ಕ. ಹಾಗಾಗಿ ಮದುವೆಯಾಗಿ ಬಂದ ಈ ದರ್ಜಿ ಹುಡುಗಿಗೆ ಕಾರು ಓರಗಿತ್ತಿಯಾಯಿತು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರದ ಮುಂದೆ ಕೂತು ಅವಳು ನೋಡುತ್ತಿದ್ದಳು: ಮಾವ ಬೆಳಗಾಗೆದ್ದು ಓರಗಿತ್ತಿಯ ಮೈ ಒರೆಸುವುದು, ಬಾನೆಟ್ಟಿಗೆ ಕಿವಿಕೊಟ್ಟು ಯೋಗಕ್ಷೇಮ ವಿಚಾರಿಸುವುದು. ಗಂಡ ದೂರದ ಬಂದರಿನಲ್ಲಿ ಕ್ರೇನು ನಡೆಸುವವನು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಬಂದಾಗ, "ನಮ್ಮಪ್ಪಂಗೆ ನಿನಗಿಂತ ಅವಳೇ ಹೆಚ್ಚು" ಎಂದು ಕಿಚಾಯಿಸುತ್ತಿದ್ದ. ಅವಳು ನಗುತ್ತಿದ್ದಳಾದರೂ ಒಳಗೆಲ್ಲೋ ಸಣ್ಣಗೆ ಚುರುಕ್ ಅನ್ನುತ್ತಿತ್ತು.

ಆಮೇಲೆ ಮಾವನ ಕೈ ನಡುಗತೊಡಗಿತು. ಎಡಗಣ್ಣು ನಿವೃತ್ತಿಯಾದ ಮೇಲೆ ಹೋಗಿತ್ತು, ಬಲಗಣ್ಣಿಗೆ ಪೊರೆ ಬಂತು. ಒಂದು ದಿನ ಅವರು ಕೀಲಿಗೊಂಚಲನ್ನು ತಂದು ಅವಳ ಅಳತೆಪಟ್ಟಿಯ ಪಕ್ಕದಲ್ಲಿಟ್ಟು, "ಇನ್ನು ಅವಳನ್ನ ನೀನೇ ನೋಡ್ಕೋಬೇಕಮ್ಮ" ಅಂದರು. ಕಲಿಸುವಾಗ ಒಂದೇ ಮಾತನ್ನು ಸಾವಿರ ಸಲ ಹೇಳಿದ್ದರು: "ಎಣ್ಣೆ ದೀಪ ಹತ್ತಿದ್ರೆ ಯಾಕೆ ಅಂತ ಕೇಳ್ಬೇಡ. ಮೊದ್ಲು ಆರಿಸು. ಆಮೇಲೆ ಕೇಳು."

ಈಗ ಕೇಳುವ ಹೊತ್ತು. ಪೊರೆ ತೆಗೆಯುವ ಆಪರೇಷನ್ನಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಹತ್ತೂವರೆಗೆ ಇರಬೇಕು. ಆಪರೇಷನ್ ಮಾಡುವ ಡಾಕ್ಟರು ಈ ಆಸ್ಪತ್ರೆಗೆ ಬರುವುದು ಮೂರು ತಿಂಗಳಿಗೊಮ್ಮೆ. ಇವತ್ತು ತಪ್ಪಿದರೆ ಮಾವನಿಗೆ ಉಳಿದಿರುವ ಒಂದು ಕಣ್ಣೂ ಇನ್ನು ಮೂರು ತಿಂಗಳು ಮಂಜಿನೊಳಗೇ ಇರಬೇಕು. ದಾರಿಯಲ್ಲಿ ಕೈಕೊಡದಿರಲಿ ಎಂದೇ ಅವಳು ನಿನ್ನೆ ತನ್ನ ಕೈಯಾರೆ ಎಂಜಿನ್ ಎಣ್ಣೆ ಬದಲಾಯಿಸಿ ಹೊಸ ಫಿಲ್ಟರು ಕೂರಿಸಿದ್ದಳು. ಮಾವ ಮೆಟ್ಟಿಲ ಮೇಲೆ ಕೂತು ಹೇಳುತ್ತಾ ಹೋಗಿದ್ದರು, ಅವಳು ಮಾಡುತ್ತಾ ಹೋಗಿದ್ದಳು. ಮನೆಯಿಂದ ಹೊರಟು ಮೂರು ಬೀದಿ ದಾಟಿಲ್ಲ, ಹೀಗಾಗಿದೆ.

ಟ್ಯಾಂಕರಿನವನು ಇಳಿದು ಬಂದ. ದಪ್ಪ ಆಳು, ಅಂಗಿಯ ಕಿಸೆ ಒಂದು ಕಡೆ ಕಿತ್ತು ನಾಯಿಯ ಕಿವಿಯ ಹಾಗೆ ಜೋತುಬಿದ್ದಿತ್ತು. ಜಗಳಕ್ಕೇ ಬಂದವನು ರಸ್ತೆ ನೋಡಿ ತಣ್ಣಗಾದ.

"ಅಕ್ಕಾ, ಸ್ವಲ್ಪ ಹಿಂದೆ ತಿರುಗಿ ನೋಡಿ. ದಾರಿಯುದ್ದಕ್ಕೂ ರಂಗು ಬಳ್ಕೊಂಡು ಬಂದಿದ್ದೀರಿ."

ಅವಳು ನೋಡಿದಳು. ಕೆಳಗಿನ ತಿರುವಿನಿಂದ ಕಾರಿನ ತನಕ, ಉರುಳೆಯಿಂದ ಬಿಚ್ಚಿಹೋದ ದಾರದ ಹಾಗೆ, ಎಣ್ಣೆಯ ಗೆರೆ.

"ನೀವು ಬೇರೆ ಯಾವ್ದಾದ್ರೂ ಗಾಡೀಲಿ ಹೋಗಿಬಿಡಿ, ಮಾವ. ನಾನು ಇಲ್ಲೇ ಇರ್ತೀನಿ."

"ಇಬ್ಬರು ಸೊಸೆಯರನ್ನೂ ಬೀದೀಲಿ ನಿಲ್ಲಿಸಿ ನಾನು ಹೋಗ್ಲಾ? ಟೈಮೆಷ್ಟು?"

"ಒಂಬತ್ತೂಕಾಲು."

"ಇಪ್ಪತ್ತು ನಿಮಿಷ ನೋಡೋಣ. ಆಗ್ಲಿಲ್ಲ ಅಂದ್ರೆ ಇವರ ಟ್ಯಾಂಕರೊಳಗೆ ಈಜ್ಕೊಂಡಾದ್ರೂ ಹೋಗ್ತೀನಿ."

ಟ್ಯಾಂಕರಿನವನು ನಕ್ಕು ಕಾರನ್ನು ತಳ್ಳಿ ಬದಿಗೆ ಸರಿಸಿಕೊಟ್ಟ. ಬಾನೆಟ್ ಎತ್ತಿದರು. ಅಳತೆಕಡ್ಡಿ ಎಳೆದರೆ ತುದಿಯಲ್ಲಿ ಒಂದಿಷ್ಟು ತೇವ, ಅಷ್ಟೇ. ಫಿಲ್ಟರಿನ ಡಬ್ಬಿಯ ಸುತ್ತ ಎಲ್ಲ ಎಣ್ಣೆಯಲ್ಲಿ ಮಿಂದಂತಾಗಿತ್ತು.

"ಸರಿಯಾಗಿ ಬಿಗಿದಿದ್ದೆ, ಮಾವ. ನೀವು ಹೇಳಿದಷ್ಟೇ. ಕೈಬಿಗಿ, ಮೇಲೆ ಮುಕ್ಕಾಲು ಸುತ್ತು."

"ಗೊತ್ತು. ನೀನು ಅಳತೆ ತಪ್ಪೋಳಲ್ಲ. ಆ ಡಬ್ಬಿ ಬಿಚ್ಚು, ನನ್ನ ಕೈ ಅಲ್ಲಿಗೆ ಮುಟ್ಟಿಸು."

ಎಂಜಿನ್ ಇನ್ನೂ ಬಿಸಿಯೇರಿರಲಿಲ್ಲ. ಅವಳು ಡಬ್ಬಿ ತಿರುಗಿಸಿ ತೆಗೆದಳು. ಮಾವನ ಬಲಗೈಯನ್ನು ಹಿಡಿದು ಕೊಳವೆಗಳ ಸಂದಿಯಲ್ಲಿ ಇಳಿಸಿದಳು. ನೀರಿನ ಲೋಟ ಹಿಡಿದರೆ ಅಂಗಳವೆಲ್ಲ ಚೆಲ್ಲುವ ಆ ಕೈ ಲೋಹ ಮುಟ್ಟಿದ್ದೇ ತಡ, ತವರಿಗೆ ಬಂದವಳ ಹಾಗೆ ನಿರಾಳವಾಯಿತು. ಬೆರಳು ಡಬ್ಬಿ ಕೂರುವ ಜಾಗದ ಅಂಚಿನಲ್ಲಿ ಒಂದು ಸುತ್ತು ಬಂತು. ಇನ್ನೊಂದು ಸುತ್ತು. ನಿಂತಿತು.

"ಇಲ್ಲೊಂದು ಉಂಗುರ ಇದೆಯಲ್ಲಮ್ಮ."

"ಹೌದು. ಅದು ಅಲ್ಲೇ ಇತ್ತು."

"ಡಬ್ಬಿಯಲ್ಲೂ ಒಂದಿದೆಯಾ?"

"ಇದೆ. ಹೊಸದು."

ಮಾವ ಉಗುರಿನಿಂದ ಮೀಟಿ ಎಳೆದರು. ಕಪ್ಪು ರಬ್ಬರಿನ ಉಂಗುರ, ಒಂದು ಕಡೆ ಹಿಸಿದು ಹೋಗಿದ್ದದ್ದು, ಅವರ ಬೆರಳಿಗೆ ಸುತ್ತಿಕೊಂಡು ಹೊರಬಂತು. ಹಳೆಯ ಡಬ್ಬಿಯದು. ಡಬ್ಬಿ ತೆಗೆದಾಗ ಅದರ ಜೊತೆ ಬರಬೇಕಾದದ್ದು, ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೆ ಹೊಸದು ಕೂತಿತ್ತು. ಏರಿನಲ್ಲಿ ಎಂಜಿನ್ ಉಸಿರುಕಟ್ಟಿ ಎಳೆದಾಗ ಎರಡರ ನಡುವೆ ಎಣ್ಣೆ ದಾರಿ ಮಾಡಿಕೊಂಡಿತ್ತು.

"ನೀನು ಇದನ್ನ ನೋಡಿದ್ದೆ?"

"ನೋಡಿದ್ದೆ, ಮಾವ. ಒರೆಸಿದ್ದೂ ನಾನೇ." ಅವಳ ದನಿ ಸಣ್ಣದಾಯಿತು. "ನಾನು... ಅಸ್ತರು ಅಂದ್ಕೊಂಡೆ."

"ಏನು?"

"ಅಸ್ತರು. ಕೋಟಿಗೆ ಒಳಗಡೆ ಹಾಕ್ತೀವಲ್ಲ, ಹಾಗೆ. ಅಷ್ಟು ಒಪ್ಪವಾಗಿ ಕೂತಿತ್ತು. ಒಳ್ಳೇ ಕೆಲಸಕ್ಕೆಲ್ಲ ಅಸ್ತರು ಇರುತ್ತೆ ಅಲ್ವಾ ಅಂತ..."

ಟ್ಯಾಂಕರಿನವನು ಮುಖ ಆ ಕಡೆ ತಿರುಗಿಸಿಕೊಂಡ. ಅವನ ಭುಜ ಕುಣಿಯುತ್ತಿತ್ತು. ಮಾವ ನಗಲಿಲ್ಲ. ಉಂಗುರವನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ನಿಂತರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ತಪ್ಪು ನಂದಮ್ಮ," ಎಂದರು ಕೊನೆಗೆ. "ಇಷ್ಟು ವರ್ಷ ಈ ಹಳೇ ಉಂಗುರ ನೋಡಿ ತೆಗೀತಿದ್ದಿದ್ದು ನನ್ನ ಬೆರಳು. ಬೆರಳಿಗೆ ಗೊತ್ತಿದ್ದನ್ನ ಬಾಯಿ ಹೇಳೋದು ಮರೀತು. ನೀನು ನಾನು ಹೇಳಿದ್ದನ್ನ ಹೇಳಿದ ಹಾಗೆ ಮಾಡ್ದೆ. ದೀಪ ಹತ್ತಿದಾಗ್ಲೂ ಮಾಡ್ದೆ. ಇನ್ನೊಂದು ನಿಮಿಷ ಓಡಿಸಿದ್ರೆ ನಿನ್ನ ಓರಗಿತ್ತಿ ಮನೆಗೆ ಬರ್ತಿರಲಿಲ್ಲ."

ನಿನ್ನ ಓರಗಿತ್ತಿ. ಆ ಮಾತನ್ನು ಅವಳು ಮನಸ್ಸಿನೊಳಗೆ ಬಿಟ್ಟು ಎಲ್ಲೂ ಆಡಿರಲಿಲ್ಲ. ಅಥವಾ ಕಾರು ತೊಳೆಯುವಾಗ ಗೊಣಗಿದ್ದು ಮೆಟ್ಟಿಲ ತನಕ ಕೇಳುತ್ತಿತ್ತೋ ಏನೋ.

ಟ್ಯಾಂಕರಿನವನು ಸೀಟಿನ ಹಿಂದಿನಿಂದ ಎಣ್ಣೆಯ ಕ್ಯಾನು ತಂದ. "ಡೀಸೆಲ್ ಗಾಡೀದು, ಅಜ್ಜ. ನಡೆಯುತ್ತಾ?"

"ಪ್ರಾಣ ಹೋಗ್ತಿರೋಳಿಗೆ ಯಾವ ಲೋಟದ ನೀರಾದ್ರೇನಪ್ಪ. ಹಾಕು."

ಅವಳು ಜಾಗವನ್ನು ಒರೆಸಿದಳು, ಉಗುರಿನಿಂದ ಸುತ್ತಲೂ ಕೆರೆದು ನೋಡಿದಳು, ಒಂದೇ ಉಂಗುರದ ಡಬ್ಬಿಯನ್ನು ಕೈಬಿಗಿ, ಮೇಲೆ ಮುಕ್ಕಾಲು ಸುತ್ತು ಬಿಗಿದಳು. ಎರಡು ಲೀಟರಿಗೆ ಎಣ್ಣೆ ಕಡ್ಡಿಯ ಗುರುತು ಮುಟ್ಟಿತು. ಎಂಜಿನ್ ಹೊತ್ತಿತು. ಗಿಂಡಿ ಒಂದು ಕ್ಷಣ ಮಿನುಗಿ ಆರಿತು. ಅವಳು ಎಂಜಿನ್ನನ್ನು ಒದರಿಸಿ ಒದರಿಸಿ ಬಗ್ಗಿ ನೋಡಿದಳು. ಒಂದು ಹನಿಯಿಲ್ಲ.

ಟ್ಯಾಂಕರಿನವನು ಎಣ್ಣೆಗೆ ಏನೂ ಬೇಡ ಎಂದು ಕೈಯಾಡಿಸಿದ. ಅವಳಿಗೆ ತಡೆಯಲಾಗಲಿಲ್ಲ. ಸೂಜಿದಾರ ಸದಾ ಅವಳ ಕಾಲರಿನ ಒಳಗೆ ಚುಚ್ಚಿಕೊಂಡೇ ಇರುತ್ತಿತ್ತು. "ಅಲುಗಾಡಬೇಡಿ ಅಣ್ಣ" ಎಂದು ನಿಂತಲ್ಲೇ ಅವನ ಕಿಸೆಗೆ ಹತ್ತು ಹೊಲಿಗೆ ಹಾಕಿ ಹಲ್ಲಲ್ಲಿ ದಾರ ಕಡಿದಳು. ಕಿಸೆಯ ಮೇಲೆ ಅವಳ ಹೆಬ್ಬೆರಳಿನ ಕಪ್ಪು ಗುರುತು ಅಚ್ಚೊತ್ತಿತ್ತು.

"ಅಯ್ಯೋ, ಕೊಳೆಯಾಯ್ತು."

"ಇರಲಿ ಬಿಡಿ ಅಕ್ಕ. ಇದು ನಿಮ್ಮ ಅಂಗಡಿ ಮೊಹರು."

ಹತ್ತೂವರೆಗೆ ಐದು ನಿಮಿಷವಿದ್ದಾಗ ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಉಂಗುರ ಅವರ ಕಿಸೆಯಲ್ಲಿತ್ತು.

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಮೇಲೆ ಅವಳು ಕಾರಿನಡಿಗೆ ಬಿಳಿ ಬಟ್ಟೆಯ ದೊಡ್ಡ ತುಂಡೊಂದನ್ನು ಹಾಸಿದಳು. ಸೋರಿದರೆ ಅದರ ಮೇಲೆ ತಿಳಿಯಲಿ ಎಂದು. ಮರುದಿನ ಮತ್ತೆ ಆಸ್ಪತ್ರೆಗೆ ಹೋಗಿ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದರು. ಬಟ್ಟೆ ಗೇಟಿನ ಪಕ್ಕದಲ್ಲಿ ಹಾಸಿದ ಹಾಗೇ ಇತ್ತು, ಅವಳು ಕಾರನ್ನು ಅದರ ಈಚೆಗೇ ನಿಲ್ಲಿಸಿದಳು. ಮಾವ ಒಳಗೆ ಹೋಗಲಿಲ್ಲ. ಇಳಿದವರೇ ಬಟ್ಟೆಯ ಅಂಚಿಗೆ ಹೋಗಿ ಬಗ್ಗಿದರು.

"ಒಂದು ಹನೀನೂ ಬಿದ್ದಿಲ್ಲ, ಮಾವ. ಬೆಳಿಗ್ಗೆನೇ ನೋಡಿದೀನಿ."

ಅವರು ಇನ್ನಷ್ಟು ಬಗ್ಗಿ, "ಇದು ಕೆಂಪು ದಾರವಾ?" ಅಂದರು.

"ಹೂಂ. ಬಿಳೀದು ಮುಗಿದಿತ್ತು. ಯಾರು ನೋಡ್ತಾರೆ ಅಂತ ಸಿಕ್ಕಿದ್ರಲ್ಲೇ ಅಂಚು ಹೊಲ್ದೆ."

"ಈ ಮೂಲೇಲಿ ಸೊಟ್ಟಗಾಗಿದೆ."

ಅವಳು ಕಾರಿನ ಬಾಗಿಲಿಗೆ ಒರಗಿ ನಿಂತಳು. ಬಾನೆಟ್ ಇನ್ನೂ ಬೆಚ್ಚಗಿತ್ತು. ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾವುದನ್ನೂ ಮುಟ್ಟದೆ, ಕೆಂಪು ಹೊಲಿಗೆಯ ಜೊತೆ ಜೊತೆಗೇ ಬಟ್ಟೆಯ ಸುತ್ತ ಹೆಜ್ಜೆ ಹಾಕತೊಡಗಿದರು.