ಕಾಲಿಲ್ಲದ ಮೇಜು

ಮೇಜಿಗೆ ನಾಲ್ಕು ಕಾಲು ಇರಲೇಬೇಕು ಎಂದು ಲೋಕವೆಲ್ಲ ನಂಬಿಕೊಂಡಿದ್ದ ಕಾಲದಲ್ಲಿ ಅದನ್ನು ಸುಳ್ಳು ಮಾಡಿ ತೋರಿಸಿದವನು ಹೊನ್ನವಳ್ಳಿ ಸುತ್ತಿನಲ್ಲಿ ನಾನೊಬ್ಬನೇ. ವಿಧಾನಸೌಧ ಕಟ್ಟುವಾಗ ನನ್ನನ್ನು ಒಂದು ಮಾತು ಕೇಳಿದ್ದರೆ ಅಷ್ಟೊಂದು ಕಂಬಗಳ ಖರ್ಚಾದರೂ ಉಳಿಯುತ್ತಿತ್ತು. ಆಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವರ ದುರದೃಷ್ಟ, ಏನು ಮಾಡುವುದು!

ಮೇಜು ಬೇಕಾಗಿದ್ದು ನನ್ನ ಹೆಂಡತಿ ಚಿಕ್ಕಗೌರಮ್ಮನಿಗೆ. ತವರಿನಿಂದ ಬರುವಾಗ ಹೊಲಿಗೆ ಯಂತ್ರ ತಂದಿದ್ದಳು. ಅವಳ ಹೊಲಿಗೆಯನ್ನು ನಾನೇ ಹೊಗಳಿದರೆ ಚೆನ್ನಾಗಿರುವುದಿಲ್ಲ. ಅವಳು ಹೊಲಿದ ರವಿಕೆ ತೊಟ್ಟ ಹೆಂಗಸರು ಕನ್ನಡಿ ಬಿಟ್ಟು ಕದಲದೆ, ಊರಿನಲ್ಲಿ ಒಬ್ಬರ ಮನೆಯಲ್ಲೂ ಸಾರು ಸೀಯದೆ ಉಳಿಯಲಿಲ್ಲ ಎಂದಷ್ಟೇ ಹೇಳುತ್ತೇನೆ. ಆದರೆ ಬಟ್ಟೆ ಕತ್ತರಿಸುವುದು ಪಡಸಾಲೆಯ ನೆಲದ ಮೇಲೆ. ಗುರುತು ಹಾಕಿದ ಕಡೆಯೆಲ್ಲ ಕೋಳಿ ಓಡಾಡುತ್ತಿದ್ದವು. ಒಂದು ದಿನ ನಮ್ಮ ಕರು ಒಳಗೆ ನುಗ್ಗಿ ಪಕ್ಕದ ಮನೆಯ ಹುಚ್ಚಕ್ಕನ ರವಿಕೆಯ ಒಂದು ತೋಳನ್ನು ಪೂರ್ತಿ ಮೇದುಬಿಟ್ಟಿತು.

"ಅಲ್ಲ ಕಣೇ ಗೌರಿ, ನಿಮ್ಮನೆ ಕರ ಮೇಯ್ಲಿ ಅಂತ ನಾನು ತಿಪಟೂರಿಂದ ಬಟ್ಟೆ ತಂದ್ನಾ?" ಎಂದು ಹುಚ್ಚಕ್ಕ ಬೀದಿಯಲ್ಲಿ ನಿಂತು ಕೇಳಿದಳು. ಆ ದನಿಗೆ ತುರುವೇಕೆರೆ ಬಸ್ಸು ದಾರಿಯಲ್ಲೇ ನಿಂತಿತೆಂದು ಹೇಳುತ್ತಾರೆ.

ಅವತ್ತೇ ಚಿಕ್ಕಗೌರಮ್ಮ ನನ್ನ ಅಪ್ಪ ಗಂಗಾಧರಯ್ಯನವರ ಹತ್ತಿರ ಹಿಂದಿನ ಕೋಣೆ ಕೇಳಿದಳು. ಆ ಕೋಣೆಯ ಮೇಲೇ ನಮ್ಮ ಅಟ್ಟ. ತೋಟದಲ್ಲಿ ಕೆಡವಿದ ಕಾಯಿಯನ್ನು ಅಲ್ಲಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಕೆಳಗಿನ ಕೋಣೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಲೆಗೆಂದು ಕಾಯಿ ಸುಲಿದ ಮಟ್ಟೆ ತುಂಬಬೇಕೆಂದು ಅಪ್ಪ ಲೆಕ್ಕ ಹಾಕಿದ್ದರು.

"ಕೋಣೆ ನಿನಗೆ ಕೊಟ್ರೆ ಮಟ್ಟೆ ಎಲ್ಲಿ ಹಾಕಾನವ್ವ, ನನ್ನ ತಲೆ ಮ್ಯಾಲಾ?" ಎಂದರು. ಆಮೇಲೆ ಮೀಸೆ ನೀವಿಕೊಂಡು, "ಆಯ್ತು. ಹುಳಿಯಾರಿನ ಮದ್ವೆಗೆ ಅಂತ ಟೆರಿಕಾಟ್ ಬಟ್ಟೆ ತಂದಿವ್ನಿ. ಆ ಕೋಣೇಲೇ ಕತ್ತರಿಸಿ ನನಗೊಂದು ಅಂಗಿ ಹೊಲಿ. ನೆಟ್ಟಗೆ ಬಂದ್ರೆ ಕೋಣೆ ನಿಂದು. ಕೆಟ್ರೆ ಮಾರನೇ ದಿನ್ಲೇ ಮಟ್ಟೆ ತುಂಬುಸ್ತೀನಿ" ಎಂದು ತೀರ್ಮಾನ ಮಾಡಿದರು.

ಟೆರಿಕಾಟ್ ಎಂದರೆ ಆಗ ಊರಿಗೇ ಹೊಸದು. ಅದರ ಮೇಲೆ ನೊಣ ಕೂತರೂ ಜಾರಿ ಬೀಳುತ್ತಿತ್ತು.

"ರೀ, ಆ ಬಟ್ಟೆ ನೆಲದ ಮೇಲೆ ಹಾಸಂಗಿಲ್ಲ. ನಿಂತ್ಕಂಡು ಕತ್ತರಿಸಾಕೆ ಒಂದು ಮೇಜು ಬೇಕು. ಮರುಳಸಿದ್ದಯ್ಯನೋರಿಗೆ ಹೇಳಿ" ಎಂದಳು ಚಿಕ್ಕಗೌರಮ್ಮ.

ಮರುಳಸಿದ್ದಯ್ಯ ನಮ್ಮೂರ ಬಡಗಿ. "ನಾನಿರುವಾಗ ಅವನ್ಯಾಕೆ? ಕಾಸು ಖರ್ಚಿಲ್ಲದಂಗೆ ನಾನೇ ಮಾಡ್ತೀನಿ ಬುಡು" ಎಂದೆ. ಅವಳು ನನ್ನನ್ನು ನೋಡಿದಳು. ಸಂತೆಯಲ್ಲಿ ಹಲ್ಲಿಲ್ಲದ ಎತ್ತನ್ನು ಕೊಳ್ಳುವವರು ನೋಡುವ ಹಾಗೆ.

ಹಳೆ ಕೊಟ್ಟಿಗೆಯ ಹಲಸಿನ ಬಾಗಿಲು ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ತಂದು, ಸಗಣಿ ತೊಳೆದು, ಮರಳುಕಾಗದದಲ್ಲಿ ಉಜ್ಜಿದೆ. ನಾನು ಉಜ್ಜಿದ ರಭಸಕ್ಕೆ ಬಾಗಿಲು ಇನ್ನೇನು ಕಾಗದವೇ ಆಗುತ್ತಿತ್ತು, ನಿಲ್ಲಿಸಿದೆ. ಹಲಗೆಯೇನೋ ಆಯಿತು, ಕಾಲಿಗೆ ಮರವಿಲ್ಲ. ಯೋಚನೆ ಮಾಡುತ್ತಾ ಅಡುಗೆಮನೆಗೆ ಹೋದರೆ ಮಜ್ಜಿಗೆ ಗಡಿಗೆ ನೆಲುವಿನಲ್ಲಿ ನೇತಾಡುತ್ತಿತ್ತು. ನೆಲುವಿಗೆ ಕಾಲಿದೆಯೇ? ತೊಟ್ಟಿಲಿಗೆ ಕಾಲಿದೆಯೇ? ಮೇಜಿಗೊಂದು ಯಾಕೆ ಬೇಕು?

ನಮ್ಮದೇ ಕಾಯಿಯ ನಾರು ಹೊಸೆದು ನಾಲ್ಕು ಹಗ್ಗ ಮಾಡಿದೆ. ಹೊಸ ನಾರಿನ ಹಗ್ಗ ಭಾರ ಬಿದ್ದರೆ ಜಗ್ಗುತ್ತದೆ. ಅದಕ್ಕೇ ಮೊದಲು ಗುಂಡುಕಲ್ಲು ಕಟ್ಟಿ ಇಳಿಬಿಟ್ಟು, ಜಗ್ಗುವಷ್ಟು ಜಗ್ಗಿಸಿದೆ. ಅಟ್ಟದ ತೊಲೆಯನ್ನು ಸುತ್ತಲು ಹಗ್ಗ ಸಾಲಲಿಲ್ಲ. ತೊಲೆಯ ಮೇಲೆ ಅಡ್ಡಲಾಗಿ ಹಾಸಿದ್ದ ಬಿದಿರಿನ ಗಳಗಳಿಗೇ ಬಿಗಿದೆ. ಬಾಗಿಲು ಅವಳ ಸೊಂಟದ ಮಟ್ಟಕ್ಕೆ ತೂಗಿ ನಿಂತಿತು. ತೂಗಾಡದ ಹಾಗೆ ನೆಲದಲ್ಲಿ ನಾಲ್ಕು ಗೂಟ ಹೊಡೆದು, ಕರು ಕಟ್ಟಿದಂತೆ ನಾಲ್ಕು ಮೂಲೆಯನ್ನೂ ಕೆಳಕ್ಕೆ ಕಟ್ಟಿದೆ. ಮೇಲೆ ಹಳೆ ಕಂಬಳಿ ಹಾಸಿದೆ, ಟೆರಿಕಾಟ್ ಜಾರದಿರಲಿ ಎಂದು. ಊಟದ ತಟ್ಟೆಯಲ್ಲಿ ಅಂಚಿನವರೆಗೆ ನೀರು ತುಂಬಿ ಇಟ್ಟೆ. ಒಂದು ಹನಿ ಚೆಲ್ಲಲಿಲ್ಲ.

ಮರುಳಸಿದ್ದಯ್ಯ ಸುದ್ದಿ ಕೇಳಿ ಬಂದ. "ಏನ್ಲಾ ರೇವಣ್ಣ, ಮೇಜು ಮಾಡಿದ್ಯೋ, ಬಾಗಲಿಗೆ ಉಯ್ಯಾಲೆ ಕಟ್ಟಿದ್ಯೋ?"

"ಹೊಟ್ಟೆಕಿಚ್ಚು ಕಣ್ಲಾ ನಿಂಗೆ. ನಾಳೆ ದಬ್ಬೇಘಟ್ಟದಿಂದ ಜನ ಬಸ್ ಹತ್ಕಂಡು ನೋಡಾಕ್ ಬತ್ತಾರೆ" ಎಂದು ಕಳಿಸಿದೆ. ಯಾರೂ ಬರಲಿಲ್ಲ. ಬಸ್ಸು ರಶ್ಶಾಗಿತ್ತೇನೋ.

ಚಿಕ್ಕಗೌರಮ್ಮ ಕಂಬಳಿಯ ಮೇಲೆ ಟೆರಿಕಾಟ್ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಹುಚ್ಚಕ್ಕ ಹೊಸ ರವಿಕೆ ಬಟ್ಟೆ ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತಾ ನಿಂತಿದ್ದಳು. ಕತ್ತರಿ ಹೆಗಲ ಹತ್ತಿರ ಬಂದು ಕತ್ತಿನ ಸುತ್ತಿನ ಕಡೆ ತಿರುಗಬೇಕು, ಅಷ್ಟರಲ್ಲಿ ಮೇಜಿನ ಒಂದು ಮೂಲೆ ಸೊರ್ರನೆ ಕೆಳಗಿಳಿಯಿತು. ಸೀಮೆಸುಣ್ಣ ಉರುಳಿ ಬಿತ್ತು.

"ಅಯ್ಯೋ, ಭೂಕಂಪ ಕಣೇ!" ಎಂದು ಹುಚ್ಚಕ್ಕ ಬಾಗಿಲಿಗೆ ಹಾರಿದಳು.

"ಭೂಕಂಪ ಅಲ್ಲ ಕಣಕ್ಕ, ನಮ್ಮಾವಯ್ಯ" ಎಂದಳು ಚಿಕ್ಕಗೌರಮ್ಮ, ಬಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು.

ತಿಪಟೂರಿನಲ್ಲಿ ಕೊಬ್ಬರಿ ರೇಟು ಏರಿದೆಯೆಂದು ಯಾರೋ ಹೇಳಿದ್ದೇ ತಡ, ಅಪ್ಪ ಏಣಿ ಹಾಕಿಕೊಂಡು ಅಟ್ಟ ಹತ್ತಿದ್ದರು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಡಗಡ ಅನ್ನುವುದನ್ನು ಒಂದು ಕಡೆ, ಅನ್ನದೇ ಇದ್ದದ್ದನ್ನು ಇನ್ನೊಂದು ಕಡೆ ಹಾಕುತ್ತಿದ್ದರು. ನಮ್ಮಪ್ಪ ಸಣ್ಣ ಆಳಲ್ಲ. ಕೊಬ್ಬರಿ ಮಂಡಿಯ ತಕ್ಕಡಿ ಅವರನ್ನು ಕಂಡರೆ ತಾನೇ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ಅವರು ಕಾಲಿಟ್ಟ ಕಡೆ ಗಳ ಬಾಗುತ್ತಿತ್ತು. ಗಳ ಬಾಗಿದ ಕಡೆ ನನ್ನ ಮೇಜು ಬಾಗುತ್ತಿತ್ತು.

ನಾನು ಏಣಿಯ ಹತ್ತಿರ ಓಡಿದೆ. "ಅಪ್ಪಯ್ಯ, ಕೆಳಗೆ ಬಾ!"

"ರೇಟು ಇರೋವಾಗ ಕೆಳಗೆ ಬಾ ಅಂತೀಯಲ್ಲ, ನಿಂಗೇನು ಹುಚ್ಚೇನ್ಲಾ?"

ಬಂದರೂ ಕಷ್ಟವೇ. ಏಣಿ ಇದ್ದದ್ದು ಆ ತುದಿಗೆ. ಇಳಿಯಬೇಕೆಂದರೆ ಮತ್ತೆ ಅದೇ ಗಳಗಳ ಮೇಲೆ ನಡೆಯಬೇಕು. ಇತ್ತ ಎರಡು ಮಡಿಕೆ ಬಟ್ಟೆ ಅರ್ಧ ಕತ್ತರಿಸಿ ಆಗಿದೆ. ಇನ್ನೊಮ್ಮೆ ಜಾರಿದರೆ ಅಂಗಿಯೂ ಹೋಯ್ತು, ಕೋಣೆಯೂ ಹೋಯ್ತು.

ಮದುವೆಯಾಗಿ ಬಂದ ದಿನದಿಂದ ಮಾವನ ಎದುರು ದನಿ ಎತ್ತಿದವಳಲ್ಲ ನನ್ನ ಹೆಂಡತಿ. ಅವತ್ತು ತಲೆ ಮೇಲೆತ್ತಿ ಕೂಗಿದಳು.

"ಮಾವಯ್ಯ! ಅಲ್ಲೇ ನಿಂತ್ಕಳಿ!"

ಅಟ್ಟ ಗಪ್ಪಾಯಿತು. "ಯಾಕವ್ವ?"

"ನಿಮ್ಮ ಕತ್ತು ಕತ್ತರಿಸ್ತಾ ಇವ್ನಿ. ನೀವು ಅಲ್ಲಾಡಿದ್ರೆ ಓರೆ ಆಯ್ತದೆ."

ಹುಚ್ಚಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಒಸಿ ಬಲಕ್ಕೆ ಬನ್ನಿ ಮಾವಯ್ಯ. ಇನ್ನೊಸಿ. ಹಾಂ, ಸಾಕು ಸಾಕು, ಅಲ್ಲೇ."

ಮೇಜು ನಿಧಾನವಾಗಿ ಏರಿ, ನೀರು ತುಂಬಿದ ತಟ್ಟೆ ಇಡಬಹುದಾದಷ್ಟು ಸಮವಾಗಿ ನಿಂತಿತು.

"ಗೌರಿ, ಕೈಲಿರೋ ಕಾಯಿ ಕೆಳಗಿಡ್ಲಾ?"

"ಬ್ಯಾಡಿ, ಹಂಗೇ ಹಿಡ್ಕಳಿ. ತೂಕ ಸರಿಯಾಗೈತೆ."

ಊರಿನ ಪಂಚಾಯ್ತಿಯಲ್ಲಿ ಯಾರ ಮಾತಿಗೂ ಬಗ್ಗದ ಗಂಗಾಧರಯ್ಯನವರು ಕಿವಿಯ ಹತ್ತಿರ ಕಾಯಿ ಹಿಡಿದುಕೊಂಡು ಕಲ್ಲಿನಂತೆ ನಿಂತರು. ಕೆಳಗೆ ಕತ್ತು ಆಯಿತು, ಬೆನ್ನು ಆಯಿತು, ತೋಳುಗಳಾದವು. ಅಷ್ಟರಲ್ಲಿ ತಿಪಟೂರಿನ ರೇಟು ಏರಿ ಇಳಿದು ಮತ್ತೆ ಏರಿತ್ತು. ಅವರ ಕೈಯಲ್ಲಿದ್ದ ಎಳೆಗಾಯಿ ಕೊಬ್ಬರಿಯೇ ಆಗಿಹೋಯಿತು ಎಂದು ನಾನು ಹೇಳಿದರೆ ನೀವು ನಂಬಲೇಬೇಕು.

ಅಂಗಿ ಹೊಲಿದು ಮುಗಿದ ಮೇಲೆ ಅಪ್ಪ ತೊಟ್ಟು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡರು. ಹೆಗಲು ಹೆಗಲಿನ ಜಾಗದಲ್ಲಿತ್ತು. ಕತ್ತು ಗುಂಡಗೆ ಕೂತಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ಮಟ್ಟೇನ ಕೊಟ್ಟಿಗೆ ಪಕ್ಕಕ್ಕೆ ಹಾಕ್ಸು ಕಣ್ಲಾ" ಎಂದರು. ಹುಳಿಯಾರಿನಲ್ಲಿ ಅಂಗಿ ಯಾರು ಹೊಲಿದದ್ದೆಂದು ಕೇಳಿದವರಿಗೆಲ್ಲ, "ನಮ್ಮ ಸೊಸೆ ಕಣ್ರಿ. ಅದರಲ್ಲಿ ನನ್ನ ಕೆಲ್ಸಾನೂ ಒಸಿ ಐತೆ" ಎಂದು ಎದೆಯುಬ್ಬಿಸಿದರಂತೆ. ಮೇಜು ಮಾಡಿದವನ ಹೆಸರು ಒಮ್ಮೆಯೂ ಬರಲಿಲ್ಲ. ಈ ಮನೆತನದವರಿಗೆ ಜಂಬ ಜಾಸ್ತಿ, ನಾನೊಬ್ಬನೇ ಹೀಗೆ ವಿನಯವಂತ.

ಮದುವೆ ಮುಗಿಸಿ ಬಂದ ಮೇಲೆ ಚಿಕ್ಕಗೌರಮ್ಮನಿಗೆ ಹೇಳಿದೆ: "ಹಗ್ಗ ಉದ್ದ ಮಾಡಿ ತೊಲೆಗೇ ಕಟ್ಟಿಬಿಡ್ತೀನಿ. ಆಮೇಲೆ ಮೇಲೆ ಆನೆ ಓಡಾಡಿದ್ರೂ ಮೇಜು ಅಲ್ಲಾಡಾಕಿಲ್ಲ."

ಅವಳು ಸೂಜಿಗೆ ದಾರ ಪೋಣಿಸುತ್ತಾ, "ಬ್ಯಾಡ ಬುಡಿ, ಹಂಗೇ ಇರ್ಲಿ" ಎಂದಳು.

ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಮಾರನೆಯ ದಿನ ಹೊಳೆಯಿತು. ಅಪ್ಪ ಏಣಿಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕೋಣೆಯ ಕಡೆ ಕತ್ತು ಚಾಚಿ ಕೇಳುತ್ತಿದ್ದರು:

"ಗೌರಿ, ಹತ್ಲೇನವ್ವ?"

"ಒಂದು ಗಳಿಗೆ ತಡೀರಿ ಮಾವಯ್ಯ, ಹುಚ್ಚಕ್ಕನ ತೋಳು ಮುಗೀಲಿ."

ಅಪ್ಪ ಅದೇ ಮೆಟ್ಟಿಲ ಮೇಲೆ ಕೂತು, ಎಲೆಅಡಿಕೆ ಚೀಲ ಬಿಚ್ಚಿದರು.